ಅಡ್ಮಿಷನ್ ಸಿಕ್ಕಿತು, ಕ್ಲಾಸು ಸಿಗಲಿಲ್ಲ

ಆಗಸ್ಟ್ ಬಂತೆಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ: ‘ಸೆಮಿಸ್ಟರ್ ಶುರುವಾಗೋಕೆ ಎರಡೇ ವಾರ ಇದೆ, ಈಗ ಅರ್ಜಿ ಹಾಕಿದ್ರೆ ಕಮ್ಯುನಿಟಿ ಕಾಲೇಜಿಗೆ ಸೇರಿಸ್ಕೋತಾರಾ?’ ಎರಡು ವರ್ಷದ ಈ ಸರ್ಕಾರಿ ಕಾಲೇಜುಗಳಲ್ಲಿ ಸೇರಿಸಿಕೊಳ್ಳುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ಕೇಳಬೇಕಾದ್ದು ಅದಲ್ಲ.

ಊರಲ್ಲಿ ಅಡ್ಮಿಷನ್ ಆಯಿತೆಂದರೆ ಎಲ್ಲ ಆದಂತೆಯೇ. ಸೆಕ್ಷನ್, ಟೈಮ್‌ಟೇಬಲ್, ರೋಲ್ ನಂಬರು ಎಲ್ಲವನ್ನೂ ಕಾಲೇಜೇ ಕೊಡುತ್ತದೆ. ತಡವಾದರೆ ದಂಡ ಶುಲ್ಕ ಕಟ್ಟಬೇಕು, ಆಫೀಸಿಗೆ ನಾಲ್ಕು ಸಲ ಅಲೆಯಬೇಕು. ಒಳಗೆ ಹೋದ ಮೇಲೆ ಮಾತ್ರ ಕೊನೇ ಬೆಂಚಾದರೂ ಗ್ಯಾರಂಟಿ. ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಲ್ಲಿ ಇದೆಲ್ಲ ತಿರುಗುಮುರುಗು. ಅರ್ಜಿಗೆ ಶುಲ್ಕವಿಲ್ಲ, ಕಟ್‌ಆಫ್ ಇಲ್ಲ, ಟಿಸಿ ಬೇಕಿಲ್ಲ, ನಲವತ್ತರ ಗೃಹಿಣಿಗೂ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಅಡ್ಮಿಷನ್ ಎಂದರೆ ಒಂದು ವಿದ್ಯಾರ್ಥಿ ಸಂಖ್ಯೆ, ಅಷ್ಟೇ. ಸೀಟು ಇರುವುದು ಒಂದೊಂದು ಕ್ಲಾಸಿನಲ್ಲಿ, ಅದನ್ನು ನೀವೇ ಹಿಡಿಯಬೇಕು. ಹಳೆಯ ವಿದ್ಯಾರ್ಥಿಗಳು ತಿಂಗಳುಗಳ ಹಿಂದೆಯೇ ಅವನ್ನು ಹಿಡಿದು ಕೂತಿರುತ್ತಾರೆ.

ಹಾಗಾಗಿ ಅರ್ಜಿ ಹಾಕುವ ಮೊದಲೇ ಕಾಲೇಜಿನ ಕ್ಲಾಸ್ ಷೆಡ್ಯೂಲ್ ತೆರೆದು ನೋಡಿ. ಲಾಗಿನ್ ಇಲ್ಲದೆಯೂ ಕಾಣುತ್ತದೆ: ಯಾವ ಸೆಕ್ಷನ್ ಖಾಲಿ, ಯಾವುದು ಭರ್ತಿ, ವೇಟ್‌ಲಿಸ್ಟಿನಲ್ಲಿ ಎಷ್ಟು ಜನ. ಬೇಕಾದ ವಿಷಯಕ್ಕೆ ಎಲ್ಲ ಕಡೆ ಭರ್ತಿ ಇದ್ದರೆ ಪಕ್ಕದ ಕಾಲೇಜನ್ನೂ ನೋಡಬೇಕು.

ಅರ್ಜಿ ಹಾಕುವುದು ಸಿಸಿಸಿ ಅಪ್ಲೈ ಎಂಬ ತಾಣದಲ್ಲಿ. ಮೊದಲು ಓಪನ್ ಸಿಸಿಸಿ ಖಾತೆ, ಆಮೇಲೆ ಕಾಲೇಜಿಗೊಂದು ಅರ್ಜಿ. ಒಂದು ಗಂಟೆಯ ಕೆಲಸ, ಆದರೆ ನಮ್ಮವರು ಎಡವುವ ಜಾಗಗಳು ಅದರಲ್ಲಿ ನಾಲ್ಕಾರಿವೆ. ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ತುಂಬಿ, ಹಳೆಯ ಹೆಸರು ಕೇಳುವ ಕಡೆ ಮಾರ್ಕ್ಸ್ ಕಾರ್ಡಿನ ರೂಪ ಕೊಡಿ. ಎರಡನೆಯದು ಟರ್ಮ್, ಅಂದರೆ ಯಾವ ಅವಧಿಗೆ ಸೇರುವುದು. ಪಟ್ಟಿಯಲ್ಲಿ ಈಗ ಶುರುವಾಗುವ ಫಾಲ್ ಜೊತೆಗೆ ಅದರ ಮುಂದಿನ ಸ್ಪ್ರಿಂಗ್ ಕೂಡ ಇರುತ್ತದೆ. ತಪ್ಪಿ ಅದನ್ನು ಆರಿಸಿದರೆ ಅರ್ಜಿ ಸರಿಯಾಗಿಯೇ ಹೋಗುತ್ತದೆ, ರಿಜಿಸ್ಟ್ರೇಷನ್ ಮಾತ್ರ ತೆರೆಯುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಇಲ್ಲವೆಂದು ಗುರುತು ಹಾಕಿ ಮುಂದೆ ಹೋಗಬಹುದು.

ದುಡ್ಡಿನ ತಪ್ಪು ಆಗುವುದು ವಾಸದ ಪ್ರಶ್ನೆಗಳಲ್ಲಿ. ಸೆಮಿಸ್ಟರ್ ಕಾಲೇಜಿನಲ್ಲಿ ರಾಜ್ಯದ ನಿವಾಸಿಗೆ ಯೂನಿಟ್ಟಿಗೆ (ಕ್ಲಾಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್, ಅಂದರೆ ಮೂರು ಯೂನಿಟ್ಟಿನ ಕ್ಲಾಸಿಗೆ 138, ಜೊತೆಗೆ ಆರೋಗ್ಯ ಶುಲ್ಕದಂತಹ ಚಿಲ್ಲರೆ ಖರ್ಚು. ನಿವಾಸಿಯಲ್ಲದವರಿಗೆ ಇದರ ಹಲವು ಪಟ್ಟು. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ತುಂಬಿರಬೇಕು, ಇಲ್ಲಿಯೇ ನೆಲೆಸುವ ಉದ್ದೇಶಕ್ಕೆ ದಾಖಲೆಯೂ ಇರಬೇಕು: ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ರಿಟರ್ನ್. ಕೆಲಸದ ಎಚ್-1ಬಿ, ಅವರ ಕುಟುಂಬದ ಎಚ್-4, ಕಂಪನಿ ವರ್ಗಾವಣೆಯ ಎಲ್ ವೀಸಾದವರೂ ಹೀಗೆ ನಿವಾಸಿ ಎನಿಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ಹೆಚ್ಚು ಫೀಸು ಕಟ್ಟುವವರಿದ್ದಾರೆ. ‘ಈಗಿನ ವಾಸ ಎಂದಿನಿಂದ’ ಎಂದು ಕೇಳಿದ ಕಡೆ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ ವಾಪಸ್ ಬಂದ ತಾರೀಕು ಹಾಕಬೇಡಿ. ರಜೆಗೆ ಊರಿಗೆ ಹೋಗಿ ಬಂದರೆ ವಾಸ ತುಂಡಾಗುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ದಾರಿಯೇ ಬೇರೆ. ಅವರಿಗೆ ಪ್ರತ್ಯೇಕ ಅರ್ಜಿ, ವೀಸಾಕ್ಕೆಂದು ಕಾಲೇಜು ಕೊಡುವ ಐ-20 ಪತ್ರ, ತಿಂಗಳುಗಳ ಮುಂಚಿನ ಗಡುವು, ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್. ಕೊನೆಯ ಗಳಿಗೆಯ ಮಾತು ಅವರಿಗೆ ಅನ್ವಯಿಸುವುದಿಲ್ಲ.

ಅರ್ಜಿ ಒತ್ತಿದ ದಿನವೇ ಕ್ಲಾಸು ಸಿಗುತ್ತದೆ ಎಂದುಕೊಳ್ಳಬೇಡಿ. ಹಣಕಾಸು ನೆರವು ಲಪಟಾಯಿಸಲು ನಕಲಿ ಹೆಸರಿನಲ್ಲಿ ಅರ್ಜಿ ಹಾಕುವ ಕಳ್ಳರ ಕಾಟ ಈ ಕಾಲೇಜುಗಳಿಗೆ ಕೆಲವು ವರ್ಷಗಳಿಂದ ವಿಪರೀತ. ಅದಕ್ಕೇ ಅರ್ಜಿಗಳನ್ನು ಸೋಸುತ್ತಾರೆ. ಅನುಮಾನ ಬಂದದ್ದನ್ನು ತಡೆದು ಗುರುತಿನ ಚೀಟಿ ಕೇಳುತ್ತಾರೆ, ಆ ಇಮೇಲ್ ಸ್ಪ್ಯಾಮಿನಲ್ಲಿ ಕೂತರೆ ಒಂದು ವಾರ ಹೋಯಿತೆಂದೇ ಲೆಕ್ಕ. ಮನೆಯ ಮೂವರಿಗೂ ಒಂದೇ ಫೋನ್ ನಂಬರು, ಒಂದೇ ಇಮೇಲ್ ಕೊಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ವಿದ್ಯಾರ್ಥಿ ಸಂಖ್ಯೆ ಬಂದ ಮೇಲೆ ಆನ್‌ಲೈನ್ ಓರಿಯೆಂಟೇಷನ್ ಮುಗಿಸಿ, ಕಾಲೇಜಿನ ಪೋರ್ಟಲ್ಲಿನಲ್ಲಿ ಹೋಲ್ಡ್, ಅಂದರೆ ತಡೆ, ಏನಾದರೂ ಇದೆಯೇ ನೋಡಿ. ಹೋಲ್ಡ್ ಇರುವವರೆಗೆ ರಿಜಿಸ್ಟರ್ ಗುಂಡಿ ಒತ್ತಿದರೂ ಉಪಯೋಗವಿಲ್ಲ.

ಮುಂದಿನ ಗೋಡೆ ಪ್ರಿರಿಕ್ವಿಸಿಟ್, ಅಂದರೆ ಮೊದಲೇ ಓದಿರಬೇಕಾದ ವಿಷಯ. ಇಂಗ್ಲಿಷು, ಗಣಿತಕ್ಕೆ ಮೊದಲಿನಂತೆ ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯಬೇಕಿಲ್ಲ, 2017ರ ಎಬಿ 705 ಕಾನೂನಿನ ನಂತರ ಅದು ಹೋಯಿತು. ಆದರೆ ಎರಡನೇ ಹಂತದ ಕೆಮಿಸ್ಟ್ರಿಗೋ ಪ್ರೋಗ್ರಾಮಿಂಗಿಗೋ ಹಿಂದಿನ ಹಂತ ಓದಿದ್ದಕ್ಕೆ ಪುರಾವೆ ಬೇಕು. ಬಿಇ ಮುಗಿಸಿದವರು ತಮ್ಮ ಮಾರ್ಕ್ಸ್ ಕಾರ್ಡ್ ಸಾಕು ಎಂದುಕೊಳ್ಳುತ್ತಾರೆ. ವಿದೇಶಿ ಪದವಿಯನ್ನು ಮಾನ್ಯ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಿ ತನ್ನಿ ಎನ್ನುವುದು ಸಾಮಾನ್ಯ. ಅದಕ್ಕೆ ನಮ್ಮ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಹೊರಡಬೇಕು, ಆ ಕೆಲಸ ಯಾವ ವೇಗದಲ್ಲಿ ಆಗುತ್ತದೆಂದು ನಿಮಗೇ ಗೊತ್ತು. ಈ ಟರ್ಮಿಗೆ ಪ್ರಿರಿಕ್ವಿಸಿಟ್ ಇಲ್ಲದ ಕ್ಲಾಸು ಹಿಡಿದು, ಆ ಕಾಗದಗಳನ್ನು ಮುಂದಿನ ಟರ್ಮಿಗೆಂದು ಓಡಿಸುವುದೇ ಜಾಣತನ.

ಕ್ಲಾಸು ಭರ್ತಿ ಎಂದಿದ್ದರೆ ವೇಟ್‌ಲಿಸ್ಟಿಗೆ ಸೇರಿ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಇದು ಎಂದುಕೊಂಡರೆ ಕೆಟ್ಟಿರಿ. ಕ್ಲಾಸು ಶುರುವಾಗುವವರೆಗೆ ಯಾರಾದರೂ ಬಿಟ್ಟರೆ ಪಟ್ಟಿ ತಾನಾಗಿ ಮೇಲೇರುತ್ತದೆ. ಶುರುವಾದ ಮೇಲೆ ಅದು ನಿಲ್ಲುತ್ತದೆ, ಆಗಿನಿಂದ ಅಧಿಕಾರ ಮೇಷ್ಟರದು. ಮೊದಲ ದಿನ ಬಾರದವರನ್ನು ಅವರು ತೆಗೆದುಹಾಕಬಹುದು, ಆ ಜಾಗಗಳಿಗೆ ಆ್ಯಡ್ ಕೋಡ್, ಅಂದರೆ ಸೇರಲು ಅನುಮತಿಯ ಸಂಖ್ಯೆ, ಕೊಡುತ್ತಾರೆ. ಮೊದಲ ತರಗತಿಗೆ ಹೋಗಿ ಕೂರಿ. ಆನ್‌ಲೈನ್ ಕ್ಲಾಸಾದರೆ ಆ ದಿನ ಬೆಳಿಗ್ಗೆಯೇ ಇಮೇಲ್ ಬರೆಯಿರಿ: ಹೆಸರು, ವಿದ್ಯಾರ್ಥಿ ಸಂಖ್ಯೆ, ಸೆಕ್ಷನ್ ಸಂಖ್ಯೆ, ವೇಟ್‌ಲಿಸ್ಟಿನಲ್ಲಿ ಎಷ್ಟನೆಯವರು. ನಾಲ್ಕು ಸಾಲು ಸಾಕು, ‘ರೆಸ್ಪೆಕ್ಟೆಡ್ ಸರ್’ನಿಂದ ಶುರುಮಾಡಿ ಕುಟುಂಬದ ಕಷ್ಟ ಹೇಳಬೇಕಿಲ್ಲ. ಕೋಡ್ ಬಂದರೆ ಸೀಟು ಸಿಕ್ಕಂತಲ್ಲ. ಗಡುವಿನೊಳಗೆ ಪೋರ್ಟಲ್ಲಿನಲ್ಲಿ ಅದನ್ನು ಹಾಕಿ, ರಿಜಿಸ್ಟರ್ ಮಾಡಿ, ಫೀಸು ಕಟ್ಟಿದರೆ ಮಾತ್ರ ನಿಮ್ಮದು.

ಅಲ್ಲೂ ಆಗಲಿಲ್ಲವೆಂದರೆ ಎರಡು ದಾರಿ. ಮಿಷನ್, ಒಹ್ಲೋನಿಯಂಥ ಸೆಮಿಸ್ಟರ್ ಕಾಲೇಜುಗಳು ಆಗಸ್ಟ್ ಕೊನೆಯಲ್ಲಿ ಶುರುವಾದರೆ, ಕ್ಯೂಪರ್ಟಿನೋದ ಡಿ ಆಂಜಾ ಮತ್ತು ಲಾಸ್ ಆಲ್ಟೋಸ್ ಹಿಲ್ಸಿನ ಫುಟ್‌ಹಿಲ್ ವರ್ಷವನ್ನು ಇನ್ನೂ ಚಿಕ್ಕ ಅವಧಿಗಳಾಗಿ ಒಡೆಯುವ ಕ್ವಾರ್ಟರ್ ಪದ್ಧತಿಯವು, ಅಲ್ಲಿ ಫಾಲ್ ಆರಂಭ ಸೆಪ್ಟೆಂಬರ್ ಕೊನೆಗೆ. ಒಂದು ತಿಂಗಳು ಪುಕ್ಕಟೆ ಸಿಕ್ಕಿತು. ಇನ್ನೊಂದು, ಲೇಟ್ ಸ್ಟಾರ್ಟ್ ಎನ್ನುವ 12 ಅಥವಾ 8 ವಾರದ ಕ್ಲಾಸುಗಳು. ಇವು ಸುಲಭ ಎಂಬ ಭ್ರಮೆ ಬೇಡ. ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಪಾಠ, ಹೋಮ್‌ವರ್ಕ್ ಸೇರಿ ಸುಮಾರು 48ರಿಂದ 54 ಗಂಟೆ. ಮೂರು ಯೂನಿಟ್ಟಿಗೆ 16 ವಾರದಲ್ಲಿ ವಾರಕ್ಕೆ ಒಂಬತ್ತು ಹತ್ತು ಗಂಟೆ ಬೀಳುವುದು 8 ವಾರದಲ್ಲಿ ಹದಿನೆಂಟು ಇಪ್ಪತ್ತಾಗುತ್ತದೆ. ಚಿಕ್ಕ ಮಗುವಿರುವ ಮನೆಯಲ್ಲಿ ಇಂಥ ಎರಡು ಕ್ಲಾಸು ಒಟ್ಟಿಗೆ ತೆಗೆದುಕೊಳ್ಳುವುದು ದುಸ್ಸಾಹಸ.

ಯಾವುದು ಒಳ್ಳೆಯ ಪದ್ಧತಿ? ಓದು ನಿಂತು ಹತ್ತು ವರ್ಷವಾದವರಿಗೆ ಕ್ಯಾಲಿಫೋರ್ನಿಯಾದ್ದೇ ಮೇಲು, ನಮ್ಮಲ್ಲಿ ಅವರು ಕಾಲೇಜಿನ ಗೇಟಿನಲ್ಲೇ ಉತ್ತರ ಕೊಡುತ್ತಾ ನಿಲ್ಲಬೇಕು. ಆದರೆ ಹದಿನೆಂಟರ ಹುಡುಗನಿಗೆ ನಮ್ಮ ಸಿದ್ಧ ಟೈಮ್‌ಟೇಬಲ್ಲೇ ವಾಸಿ ಎನಿಸುತ್ತದೆ. ತಡವಾದ ತಪ್ಪಿಗೆ ಊರಿನ ಕಾಲೇಜು ದಂಡ ಹಾಕಿ ಸುಮ್ಮನಾಗುತ್ತದೆ. ಇಲ್ಲಿ ದಂಡವಿಲ್ಲ, ಬೇಡವಾದ ವಿಷಯ ರಾತ್ರಿ ಏಳಕ್ಕೆ ಸಿಗುತ್ತದೆ. ಊರಿನ ಆಫೀಸಿನ ಗುಮಾಸ್ತರ ಬಗ್ಗೆ ಎಷ್ಟೇ ಬೈದುಕೊಂಡರೂ ಇಡೀ ಕೆಲಸ ಒಬ್ಬರ ಮೇಜಿನಲ್ಲಿ ಮುಗಿಯುತ್ತಿತ್ತು. ಇಲ್ಲಿ ಅಡ್ಮಿಷನ್ಸ್, ಕೌನ್ಸೆಲಿಂಗ್, ಹಣಕಾಸು ನೆರವು ಮೂರೂ ಬೇರೆ ಬೇರೆ ಕಚೇರಿ, ಒಂದರ ಕಾಗದ ಇನ್ನೊಂದಕ್ಕೆ ತಲುಪಿತೇ ಎಂದು ನೋಡುವವರು ನೀವೇ.

ಬಿಡುವಾಗಲೂ ಹಾಗೆಯೇ. ಹೋಗುವುದು ನಿಲ್ಲಿಸಿದರೆ ಹೆಸರು ತಾನೇ ಹೋಗುತ್ತದೆ ಎಂದು ಕೂರಬೇಡಿ. ಸೆನ್ಸಸ್ ದಿನ, ಅಂದರೆ ಅವಧಿಯ ಐದನೇ ಒಂದು ಭಾಗ ಕಳೆಯುವ ಹೊತ್ತು, ಅದಕ್ಕೂ ಮೊದಲು ಪೋರ್ಟಲ್ಲಿನಲ್ಲಿ ಡ್ರಾಪ್ ಮಾಡಿದರೆ ದಾಖಲೆಯಲ್ಲಿ ಗುರುತೇ ಉಳಿಯದು. ಆಮೇಲೆ ಬಿಟ್ಟರೆ ಡಬ್ಲ್ಯೂ, ಅಂದರೆ ಮಧ್ಯದಲ್ಲಿ ಬಿಟ್ಟರೆಂಬ ಗುರುತು, ಬೀಳುತ್ತದೆ. ಮುಕ್ಕಾಲು ಅವಧಿ ಕಳೆದ ಮೇಲೆ ಅದೂ ಸಿಗದು, ಬಂದ ಗ್ರೇಡೇ ಉಳಿಯುತ್ತದೆ. ಫೀಸು ವಾಪಸಿನ ಗಡುವು ಇವೆಲ್ಲಕ್ಕಿಂತ ಮುಂಚೆ, ಪೂರ್ಣ ಸೆಮಿಸ್ಟರ್ ಕ್ಲಾಸಿಗೆ ಸಾಮಾನ್ಯವಾಗಿ ಎರಡನೇ ವಾರದ ಕೊನೆಗೆ. ಎಂಟು ವಾರದ್ದಕ್ಕೆ ಅದು ಕೆಲವೇ ದಿನ, ರಿಜಿಸ್ಟರ್ ಮಾಡಿದ ದಿನವೇ ತಾರೀಕು ನೋಡಿ ಕ್ಯಾಲೆಂಡರಿಗೆ ಹಾಕಿಕೊಳ್ಳಿ.