ಐದು ಸ್ಟಾರ್ ಕೊಟ್ಟು ಬಂದೆ

ಅಮ್ಮನ ಬಿಪಿ ತೋರಿಸಲು ಹೋಗಿದ್ದ ಕ್ಲಿನಿಕ್‌ಗೆ ಐದು ಸ್ಟಾರ್ ರೇಟಿಂಗ್ ಒತ್ತಿ ಬಂದೆ. ನನ್ನ ಕೈಯಾರೆ. ಮನೆಗೆ ಬಂದು ಮೂರು ಗಂಟೆಯಾಯಿತು, ಇನ್ನೂ ಮೈ ಉರಿಯುತ್ತಿದೆ.

"ನೀವೇ ಡಾಕ್ಟರಾ?" ಎಂದರು ಅಲ್ಲಿನ ಡಾಕ್ಟರ್. ಬಾಗಿಲು ತೆರೆದೇ ಇತ್ತು. ಹೊರಗೆ ನಿಂತವರೆಲ್ಲ ಕೇಳಿಸಿಕೊಂಡರು. ಯಾರೋ ಒಬ್ಬರು ನಕ್ಕರು. ಆ ನಗು ಕಿವಿ ಬಿಟ್ಟು ಹೋಗುತ್ತಿಲ್ಲ.

ನಾನು ಕೇಳಿದ್ದಾದರೂ ಏನು? "ಡಾಕ್ಟ್ರೇ, ಅಮ್ಮನ್ನ ಐದು ನಿಮಿಷ ಕೂರಿಸಿ ಇನ್ನೊಂದ್ಸಲ ಬಿಪಿ ನೋಡ್ತೀರಾ?" ಅಷ್ಟೇ. ದನಿ ಎತ್ತಲಿಲ್ಲ. ಕೈ ಕಟ್ಟಿಕೊಂಡು ಕೇಳಿದೆ, ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹಾಗೆ.

ಅಲ್ಲಿ ಕಾಯುವುದು ಕೆಳಗೆ, ಡಾಕ್ಟರ್ ಇರುವುದು ಮೇಲೆ. ಎರಡು ಗಂಟೆ ಕಾದೆವು. ಅಮ್ಮನಿಗೆ ಬಾತ್‌ರೂಮಿಗೆ ಹೋಗಬೇಕಿತ್ತು, ಟೋಕನ್ ದಾಟಿಹೋದರೆ ಎಂಬ ಭಯಕ್ಕೆ ತಡೆದುಕೊಂಡು ಕೂತಳು. ನಂಬರ್ ಕೂಗಿದ ತಕ್ಷಣ ಮೆಟ್ಟಿಲು ಹತ್ತಿಸಿಕೊಂಡು ಓಡಿದ್ದೇ ಓಡಿದ್ದು. ಏದುಸಿರು ಬಿಡುತ್ತಾ ಕೂತವಳಿಗೆ ಸ್ವೆಟರ್ ತೋಳಿನ ಮೇಲೆಯೇ ಬಿಪಿ ಪಟ್ಟಿ ಸುತ್ತಿದರು. ಕೈಗೆ ಆಸರೆ ಇಲ್ಲ, ಹಾಗೇ ಜೋತಾಡುತ್ತಿತ್ತು. ಗಾಳಿ ತುಂಬುತ್ತಿರುವಾಗಲೇ "ಮಾತ್ರೆ ತಪ್ಪಿಸ್ತಿಲ್ಲ ತಾನೆ?" ಎಂದು ಪ್ರಶ್ನೆ. ಅಮ್ಮ ಉತ್ತರ ಹೇಳುತ್ತಿದ್ದಳು, ಮೆಷಿನ್ ಅಳೆಯುತ್ತಿತ್ತು. 176/98.

"ತುಂಬಾ ಜಾಸ್ತಿ ಇದೆ. ಡೋಸ್ ಡಬಲ್ ಮಾಡ್ತೀನಿ."

ಅಮ್ಮ ಆಗ ಹೇಳುವುದಕ್ಕೆ ಶುರು ಮಾಡಿದಳು. "ಬೆಳಿಗ್ಗೆ ಎದ್ದು ನಿಂತ ತಕ್ಷಣ ತಲೆ..." ಸುತ್ತುತ್ತೆ ಎನ್ನುವಷ್ಟು ಪುರುಸೊತ್ತೂ ಕೊಡಲಿಲ್ಲ. "ವಯಸ್ಸಾಯ್ತಲ್ಲ, ಇರುತ್ತೆ" ಎಂದು ಚೀಟಿ ಹರಿದರು. ಮುಖ ಎತ್ತಿ ನೋಡಲಿಲ್ಲ. ಅಮ್ಮ ಆ ಒಂದು ಮಾತು ಹೇಳಲಿಕ್ಕೆಂದೇ ಹದಿನೈದು ದಿನದಿಂದ ಕಾದಿದ್ದಳು.

ಆಗಲೇ ನಾನು ಬಾಯಿ ಹಾಕಿದ್ದು. ಆಗಲೇ "ನೀವೇ ಡಾಕ್ಟರಾ?" ಬಂದದ್ದು.

ಅದಕ್ಕಿಂತ ನೋವಾದದ್ದು ಆಮೇಲಿನದು. ಅಮ್ಮ ನನ್ನ ಕೈ ಹಿಡಿದು ಎಳೆದಳು. ಅವರ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ, ಇವಳಿಗೆ ಸ್ವಲ್ಪ ಗಾಬರಿ ಜಾಸ್ತಿ" ಎಂದಳು. ನನ್ನ ಪರವಾಗಿ ಕ್ಷಮೆ ಕೇಳಿದಳು. ತಲೆಸುತ್ತು ಇರುವುದು ಅವಳಿಗೆ, ಕ್ಷಮೆ ಕೇಳಿದ್ದೂ ಅವಳೇ!

ಹೌದು, ನಾನು ಡಾಕ್ಟರ್ ಅಲ್ಲ. ಆದರೆ ಬಿಪಿ ನೋಡುವುದಕ್ಕೆ ಒಂದು ಕ್ರಮ ಇದೆ ಎಂದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಬರಿ ತೋಳಿಗೆ. ಮಾತಾಡಿಸಬಾರದು. ಮೂತ್ರ ಕಟ್ಟಿಕೊಂಡಿದ್ದರೂ ಬಿಪಿ ಹೆಚ್ಚು ತೋರಿಸುತ್ತದೆ. ಇದರಲ್ಲಿ ಒಂದಾದರೂ ಸರಿಯಾಗಿ ಆಯಿತಾ?

ಮನೆಯಲ್ಲಿ ಕೂರಿಸಿ ನೋಡಿದೆ. 142/86. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೆ ನೋಡಿದೆ. ಮೇಲಿನ ಅಂಕಿ 118! ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಬೀಳುವ ಅಪಾಯ ಇರುತ್ತದೆ. ಅಂಥವಳಿಗೆ, ನಿಲ್ಲಿಸಿ ಒಂದು ಸಲವೂ ನೋಡದೆ, ಡಬಲ್ ಡೋಸ್.

ಒಂದೊಂದು ಸಲ ಅವರದೇನು ತಪ್ಪು ಎಂದೂ ಅನ್ನಿಸುತ್ತದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ, ಒಬ್ಬರೇ ಎಷ್ಟು ಅಂತ ನೋಡುತ್ತಾರೆ? 2017ರಲ್ಲಿ 67 ದೇಶಗಳ ಅಂಕಿಅಂಶ ಸೇರಿಸಿ ಒಂದು ಅಧ್ಯಯನ ಬಂತು. ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಜಗತ್ತಿನ ಅರ್ಧದಷ್ಟು ಜನರಿಗೆ ಸಿಗುವುದು ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. ನಮಗೆ ಸಿಕ್ಕಿದ್ದರಲ್ಲಿ ವಿಶೇಷ ಏನೂ ಇಲ್ಲ. ಮಾತು ತಡೆಯುವುದೂ ಹೊಸದಲ್ಲ. 1984ರಲ್ಲೇ ಅಮೆರಿಕದ ಇಬ್ಬರು 74 ಭೇಟಿಗಳ ರೆಕಾರ್ಡಿಂಗ್ ಕೇಳಿದ್ದರು. ತಮ್ಮ ತೊಂದರೆ ಪೂರ್ತಿ ಹೇಳಲು ಸಾಧ್ಯವಾದದ್ದು 17 ಜನರಿಗೆ ಮಾತ್ರ. ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕಿದ್ದರು. ಎಲ್ಲ ಕಡೆಯೂ ಇಷ್ಟೇ, ಬಿಡು ಎಂದುಕೊಂಡೆ.

ಇಲ್ಲ, ಬಿಡಲಾಗುತ್ತಿಲ್ಲ. ಎರಡು ಗಂಟೆ ಕೆಳಗೆ ಕೂತಿದ್ದಳಲ್ಲ ಅವಳು! ಆ ಹೊತ್ತಿನಲ್ಲಿ ಒಬ್ಬ ನರ್ಸ್ ಬಂದು, ಸ್ವೆಟರ್ ತೆಗೆಸಿ, ಕೂತಲ್ಲೇ ಎರಡು ಸಲ ಬಿಪಿ ನೋಡಿ ಬರೆದಿಟ್ಟಿದ್ದರೆ ಡಾಕ್ಟರ ಒಂದು ನಿಮಿಷವೂ ಹೋಗುತ್ತಿರಲಿಲ್ಲ. ಇಲ್ಲದಿದ್ದದ್ದು ಸಮಯ ಅಲ್ಲ, ಮನಸ್ಸು.

ಇನ್ನು ಆ ಸ್ಟಾರ್ ವಿಷಯ. ಹೊರಗೆ ಬರುವಾಗ ಕೌಂಟರಿನ ಹುಡುಗಿ ಟ್ಯಾಬ್ ಹಿಡಿದಳು. "ಒಂದು ನಿಮಿಷ ಮೇಡಂ, ರೇಟಿಂಗ್ ಕೊಡಿ." ಸ್ವಚ್ಛತೆ ಹೇಗಿತ್ತು, ಸಿಬ್ಬಂದಿ ನಗುಮುಖದಿಂದ ಮಾತಾಡಿಸಿದರಾ, ಕುರ್ಚಿ ಸಾಕಷ್ಟು ಇತ್ತಾ. ನಿಮ್ಮ ಮಾತು ಪೂರ್ತಿ ಕೇಳಿದರಾ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಮಾತ್ರೆ ಯಾಕೆ ಬದಲಾಯಿತು ಎಂದು ತಿಳಿಸಿ ಹೇಳಿದರಾ? ಅದೂ ಇಲ್ಲ. 1966ರಲ್ಲೇ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದು ಬರೆದಿದ್ದರು. ಏನೇನು ಸೌಕರ್ಯ ಇದೆ, ರೋಗಿಗೆ ನಿಜವಾಗಿ ಏನು ಮಾಡಿದರು, ಕೊನೆಗೆ ರೋಗಿಗೆ ಏನಾಯಿತು. ಈ ಟ್ಯಾಬ್ ಕುರ್ಚಿ, ನೆಲ, ನಗುಮುಖದಲ್ಲೇ ನಿಂತುಬಿಟ್ಟಿದೆ.

ಆ ಹುಡುಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅಮ್ಮನ ಐದು ವರ್ಷದ ಫೈಲು ಅಲ್ಲೇ ಇದೆ. ಅಮ್ಮ ನಡೆದು ಹೋಗುವಷ್ಟು ಹತ್ತಿರ ಬೇರೆ ಡಾಕ್ಟರ್ ಇಲ್ಲ. ಮುಂದಿನ ತಿಂಗಳು ಅದೇ ಕೋಣೆಗೆ ಹೋಗಬೇಕು. ಒತ್ತಿದೆ, ಐದು. ನಾಳೆ ಇನ್ಯಾರೋ ಆ ಐದನ್ನು ನೋಡಿ ತಮ್ಮ ಅಮ್ಮನನ್ನು ಕರೆದುಕೊಂಡು ಬರುತ್ತಾರೆ. ಅದಕ್ಕೆ ನಾನೂ ಹೊಣೆ.

ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ಆ ಸ್ಟಾರ್‌ಗಳನ್ನು ಯಾರು ನೋಡುತ್ತಾರೆ? ನಾನು ಒಂದು ಒತ್ತಿದ್ದರೆ ಏನಾಗುತ್ತಿತ್ತು? ಯಾರಾದರೂ ಫೋನ್ ಮಾಡಿ ಯಾಕಮ್ಮಾ ಎಂದು ಕೇಳುತ್ತಿದ್ದರಾ? ಡಾಕ್ಟರಾಗಿದ್ದರೆ ಬೈದಾದರೂ ಉತ್ತರ ಕೊಡಿ, ಪರವಾಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಮಾತ್ರೆಯ ಪಟ್ಟಿ ಹಿಡಿದುಕೊಂಡು ಬಂದು ಕೇಳುತ್ತಿದ್ದಾಳೆ, "ಈಗ ಒಂದು ತಗೋಬೇಕಾ, ಎರಡಾ?" ಕ್ಲಿನಿಕ್‌ಗೆ ಫೋನ್ ಮಾಡಿ ಮನೆಯಲ್ಲಿ ಬಂದ ಬಿಪಿ ಹೇಳಿದೆ, ಡಾಕ್ಟರನ್ನು ಒಂದು ಮಾತು ಕೇಳಿ ಎಂದೆ. ನಾಳೆ ಟೋಕನ್ ತಗೊಂಡು ಬನ್ನಿ ಎಂದರು.