ಮಹಾಲ್: ಪ್ರೀತಿಯೂ ಹೌದು, ದುಬಾರಿಯೂ ಹೌದು

ಮನಿಲಾದ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಹುಡುಗನಿಗೆ 26 ವರ್ಷ. ನನ್ನನ್ನು ‘ಕುಯಾ’ ಎಂದೇ ಕರೆಯುತ್ತಾನೆ. ಅವರ ಭಾಷೆಯಲ್ಲಿ ಅಣ್ಣ ಅಂತ. ಅವನ ಪರ್ಸಿನಲ್ಲಿ ಅಂಚು ಸವೆದ ಒಂದು ಫೋಟೊ ಇದೆ. ಲುನೇಟಾ ಪಾರ್ಕು, ಹಿಂದೆ ಹೊಸೆ ರಿಸಾಲ್ ಸ್ಮಾರಕ, ಮುಂದೆ ಆರು ವರ್ಷದ ಇವನು, ಹೆಗಲ ಮೇಲೆ ತಾಯಿಯ ಕೈ. ತೆಗೆದದ್ದು ಅಲ್ಲೇ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ಫೋಟೊಗ್ರಾಫರ್. ಮೈಸೂರು ಅರಮನೆಯ ಎದುರು ಇರುತ್ತಿದ್ದರಲ್ಲ, ಅಂಥವರು. ಅವತ್ತು ಸಂಜೆಯೇ ತಾಯಿ ಹಾಂಗ್‌ಕಾಂಗ್ ವಿಮಾನ ಹತ್ತಿದರು, ಮನೆಗೆಲಸಕ್ಕೆ. ಇಪ್ಪತ್ತು ವರ್ಷವಾಯಿತು, ಇನ್ನೂ ಅಲ್ಲೇ ಇದ್ದಾರೆ.

ರಿಸಾಲ್ ಅವರನ್ನು ಆಗ ಫಿಲಿಪೀನ್ಸ್ ಆಳುತ್ತಿದ್ದ ಸ್ಪೇನಿನವರು 1896ರ ಡಿಸೆಂಬರ್ 30ರಂದು ಗುಂಡಿಟ್ಟು ಕೊಂದದ್ದು ಅದೇ ಮೈದಾನದಲ್ಲಿ. ದೇಶದ ದೊಡ್ಡ ವೀರ. “ಚಿಕ್ಕವನಿದ್ದಾಗ ಆ ಪ್ರತಿಮೆಯೇ ಅಮ್ಮನನ್ನು ಕರೆದುಕೊಂಡು ಹೋಯಿತು ಅಂದುಕೊಂಡಿದ್ದೆ” ಎಂದು ಅವನು ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಬಂಟ್ವಾಳದ ನಮ್ಮ ಮನೆಯ ಶೋಕೇಸು ಕಣ್ಣಮುಂದೆ ಬಂತು. ಅದರಲ್ಲಿ ಅಪ್ಪ ಜುಬೈಲಿನ ಯಾವುದೋ ರಸ್ತೆಯಲ್ಲಿ ಬಿಳಿ ಕಾರಿಗೆ ಒರಗಿ ನಗುತ್ತಿದ್ದರು. ಕಾರು ಯಾರದ್ದೋ. ಸೌದಿಯಲ್ಲಿ 14 ವರ್ಷ ವೆಲ್ಡಿಂಗ್ ಮಾಡಿದ ಅಪ್ಪ ಕೆಲಸದಲ್ಲಿರುವ ಒಂದೇ ಒಂದು ಫೋಟೊ ನಮ್ಮಲ್ಲಿಲ್ಲ. ಆ ಬಿಸಿಲಿನಲ್ಲಿ, ಆ ಕಿಡಿಗಳ ಹತ್ತಿರ ಅವರ ಮುಖ ಹೇಗಿರುತ್ತಿತ್ತೋ ಅಮ್ಮನಿಗೂ ಗೊತ್ತಿಲ್ಲ. ಕಷ್ಟ ಕಾಣದ ಫೋಟೊಗಳನ್ನಷ್ಟೇ ಆರಿಸಿ ಕಳಿಸುತ್ತಿದ್ದರು. ಅದೂ ಪ್ರೀತಿಯೇ ಎಂದು ಈಗ ಅರ್ಥವಾಗುತ್ತದೆ. ಆಗ ಮಾತ್ರ ಕಾರು ತಗೊಂಡಿದ್ದಾರೆ, ನಮ್ಮನ್ನು ಮರೆತಿದ್ದಾರೆ ಎಂದು ಮುನಿಸಿಕೊಂಡಿದ್ದೆ.

ಫಿಲಿಪೀನ್ಸ್‌ನಲ್ಲಿ ಹೀಗೆ ಹೊರಗೆ ಹೋಗಿ ದುಡಿಯುವವರಿಗೆ ಒಂದು ಬಿರುದೇ ಇದೆ: ‘ಬಾಗೊಂಗ್ ಬಯಾನಿ’, ಹೊಸ ವೀರರು. 1988ರಲ್ಲಿ ಅಧ್ಯಕ್ಷೆ ಕೊರಾಸೊನ್ ಅಕಿನೊ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸದ ಹೆಂಗಸರ ಮುಂದೆ ಮಾತಾಡುತ್ತ ಅವರನ್ನು ಹಾಗೆ ಕರೆದರು. ಅಂದಿನಿಂದ ಆ ಮಾತು ಭಾಷಣಗಳಲ್ಲಿ ಬೇರುಬಿಟ್ಟಿದೆ. ಇವರೆಲ್ಲ ಸೇರಿ ವರ್ಷಕ್ಕೆ 3,000 ಕೋಟಿ ಡಾಲರಿಗೂ ಹೆಚ್ಚು ಹಣ ಊರಿಗೆ ಕಳಿಸುತ್ತಾರೆ. ಗೌರವ ಸಲ್ಲಬೇಕಾದ್ದೇ. ಆದರೆ ಈ ಹುಡುಗನಿಗೆ ಆ ಪದ ಕಿವಿಗೆ ಬಿದ್ದರೆ ಸಾಕು, ಮುಖ ಕೆಂಪಾಗುತ್ತದೆ. “ಕುಯಾ, ವೀರರಿಗೆ ಜ್ವರ ಬರುತ್ತಾ? ಅಮ್ಮನಿಗೆ ಬರುತ್ತೆ. ವೀರರನ್ನ ಯಾರಾದರೂ ಯಾವಾಗ ಬರ್ತೀಯ ಅಂತ ಕೇಳ್ತಾರಾ? ನಾನು ಪ್ರತಿ ಭಾನುವಾರ ಕೇಳ್ತೀನಿ.”

ನನಗೂ ಹಾಗೇ ಅನ್ನಿಸುತ್ತದೆ. ಬಿರುದು ಕೊಟ್ಟುಬಿಟ್ಟರೆ ಆಮೇಲೆ ಅವರ ಮುಖ ನೋಡುವ ಕಷ್ಟ ನಮಗಿರುವುದಿಲ್ಲ. ಪೌರಕಾರ್ಮಿಕರಿಗೆ ಒಂದು ದಿನ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಆ ಫೋಟೊಗಳಲ್ಲಿ ಹಾರ ಹಾಕುವವರು ಕ್ಯಾಮೆರಾ ನೋಡುತ್ತಿರುತ್ತಾರೆ, ಹಾಕಿಸಿಕೊಳ್ಳುವವರು ನೆಲ ನೋಡುತ್ತಿರುತ್ತಾರೆ.

ಈ ಹುಡುಗನಿಗೆ ಕ್ಯಾಮೆರಾದ ಹುಚ್ಚು ಹಿಡಿಸಿದ್ದು ಫೋಟೊಗ್ರಾಫರ್ ಝೈಝಾ ಕ್ರೂಸ್ ಬಕಾನಿ. ನುಯೆವಾ ವಿಸ್ಕಾಯಾ ಪ್ರಾಂತದವರು. ತಾಯಿ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿದ್ದರು, 19ನೇ ವಯಸ್ಸಿಗೆ ಮಗಳೂ ಅದೇ ಮನೆಗೆ ಕೆಲಸಕ್ಕೆ ಸೇರಿದರು. ಆ ಮನೆಯೊಡತಿಯ ಹತ್ತಿರವೇ ಸಾಲ ಪಡೆದು ಕ್ಯಾಮೆರಾ ಕೊಂಡು, ಬಿಡುವು ಸಿಕ್ಕಾಗ ಹಾಂಗ್‌ಕಾಂಗ್‌ನ ಬೀದಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದರು. ಕೆಲಸದ ಮನೆಗಳಲ್ಲಿ ಹಿಂಸೆ ತಾಳಲಾರದೆ ಹೊರಬಂದ ಹೆಂಗಸರಿಗೆ ಆಸರೆ ಕೊಡುವ ‘ಬೆಥೂನ್ ಹೌಸ್’ನಲ್ಲೂ ಫೋಟೊ ತೆಗೆದರು. 2015ರಲ್ಲಿ ಫೋಟೊಗ್ರಫಿ ಸಂಸ್ಥೆಯಾದ ಮ್ಯಾಗ್ನಮ್ ಫೌಂಡೇಶನ್ನಿನ ಫೆಲೋಶಿಪ್ ಸಿಕ್ಕಿತು, ನಂತರ ಫೋಟೊಗ್ರಫಿಯೇ ಅವರ ವೃತ್ತಿಯಾಯಿತು. ಅವರ ಚಿತ್ರಗಳನ್ನು ನೋಡುತ್ತ ಕೂತರೆ ಒಂದು ವಿಷಯ ತಟ್ಟುತ್ತದೆ. ಆ ಹೆಂಗಸರು ಇವರ ಮುಂದೆ ನಗಬೇಕಾಗಿಲ್ಲ. ವಾರದ ರಜೆ ಮುಗಿಸಿ ಭಾನುವಾರ ರಾತ್ರಿ ಮತ್ತೆ ಕೆಲಸದ ಮನೆಗೆ ಮರಳುವ ಸಂಕಟ ತೆಗೆಯುವವರಿಗೂ ಗೊತ್ತು, ಎದುರಿಗಿದ್ದವರಿಗೂ ಗೊತ್ತು.

ಇಲ್ಲಿನ ಭಾಷೆ ಟಗಾಲೊಗ್ ಕಲಿಯಲು ಹೊರಟಾಗ ನನ್ನನ್ನು ಮೊದಲು ನಿಲ್ಲಿಸಿದ ಪದ ‘ಮುಖಾ’. ನಮ್ಮ ಮುಖವೇ! ಆಸೆಗೆ ‘ಆಸಾ’, ಮೇಷ್ಟ್ರಿಗೆ ‘ಗುರೊ’. ಹಿಂದೆ ಯಾವಾಗಲೋ ಮಲಯ ನಾಡಿನ ದಾರಿಯಾಗಿ ಕಡಲು ದಾಟಿದ ಸಂಸ್ಕೃತ. ‘ಮಹಾಲ್’ ಕೂಡ ಹಾಗೇ ಬಂದದ್ದು, ‘ಮಹಾರ್ಘ’ದಿಂದ. ‘ಮಹಾಲ್ ಕಿತಾ’ ಅಂದರೆ ನಿನ್ನನ್ನು ಪ್ರೀತಿಸುತ್ತೇನೆ. ಮಾರ್ಕೆಟ್ಟಿನಲ್ಲಿ ಈರುಳ್ಳಿ ‘ಮಹಾಲ್’ ಅಂದರೆ ದುಬಾರಿ. (2022ರ ಕೊನೆಯಲ್ಲಿ ಇಲ್ಲಿ ಈರುಳ್ಳಿ ಕಿಲೋಗೆ 600 ಪೆಸೊ ದಾಟಿತ್ತು. ಮನೆಯಲ್ಲಿ ಒಗ್ಗರಣೆ ಕಂಡವರಿಗೆ ಆ ದಿನಗಳು ಎಷ್ಟು ಕಷ್ಟವೆಂದು ಹೇಳಬೇಕಿಲ್ಲ.) ಅವನ ತಾಯಿ ವಿಡಿಯೊ ಕಾಲ್ ಮುಗಿಸುವಾಗಲೆಲ್ಲ “ಮಹಾಲ್ ಕಿತಾ, ಅನಾಕ್” ಎನ್ನುತ್ತಾರೆ. ಅನಾಕ್ ಅಂದರೆ ಮಗು. ಫೋನ್ ಇಟ್ಟ ಮೇಲೆ ಅವನು ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡುವುದಿಲ್ಲ.

2021ರ ಏಪ್ರಿಲ್ 14ರಂದು ಮನಿಲಾ ಪಕ್ಕದ ಕೆಸೊನ್ ಸಿಟಿಯ ಮಾಗಿನ್‌ಹಾವಾ ಬೀದಿಯಲ್ಲಿ ಅನಾ ಪಟ್ರೀಸಿಯಾ ನಾನ್ ಎಂಬ 26ರ ಹುಡುಗಿ ಬಿದಿರಿನ ತಳ್ಳುಗಾಡಿಯಲ್ಲಿ ಅಕ್ಕಿ, ತರಕಾರಿ ಇಟ್ಟು ಒಂದು ರಟ್ಟಿನ ಬೋರ್ಡು ಹಾಕಿದರು: ಕೈಲಾದಷ್ಟು ಕೊಡಿ, ಅಗತ್ಯವಿರುವಷ್ಟು ತಗೊಳ್ಳಿ. ಕೊರೊನಾ ಲಾಕ್‌ಡೌನಿನ ಹಸಿವಿನ ದಿನಗಳು. ಆ ಗಾಡಿಯ ಫೋಟೊ ಫೋನಿನಿಂದ ಫೋನಿಗೆ ಹರಿದು, ಕೆಲವೇ ದಿನಗಳಲ್ಲಿ ದೇಶದ ಊರೂರಲ್ಲಿ ಅಂಥ ಗಾಡಿಗಳು ನಿಂತವು. ಫೋಟೊಗೆ ಅಷ್ಟು ಶಕ್ತಿಯಿದೆ. ಈ ಹುಡುಗ ತನ್ನ ಬೀದಿಯ ಗಾಡಿಯ ಹತ್ತಿರ ದಿನಾ ಮೂಟೆ ಹೊತ್ತ, ಫೋಟೊನೂ ತೆಗೆದ. ಎಲ್ಲದರಲ್ಲೂ ಕೈಗಳು ಮಾತ್ರ. “ಅಕ್ಕಿಗಾಗಿ ಕೈಚಾಚಿದವರ ಮುಖ ನಾನು ಯಾವ ಹಕ್ಕಿನಿಂದ ತೆಗೀಲಿ?” ಅವನ ನಿಯಮ ಕಟ್ಟುನಿಟ್ಟು. ಮುಖ ತೆಗೆದರೆ ಕೇಳಿ ತೆಗೆಯಬೇಕು, ತೆಗೆದ ಮೇಲೆ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಬೇಕು. ಸಂಬಳ ಬಂದ ಶನಿವಾರ ಮನಿಲಾದ ಕಿಯಾಪೊದ ಹಿಡಾಲ್ಗೊ ಬೀದಿಗೆ ಹೋಗುತ್ತಾನೆ. ಸಾಲುಸಾಲು ಕ್ಯಾಮೆರಾ ಅಂಗಡಿಗಳಿರುವ ಬೀದಿ ಅದು. ಅಲ್ಲಿಂದ ಲಕೋಟೆ ತುಂಬ ಪ್ರಿಂಟು ಹಿಡಿದು ಮೀನು ಮಾರುವವರನ್ನು, ಗಾರೆ ಕೆಲಸದವರನ್ನು, ಆಸ್ಪತ್ರೆಯ ಆಯಾಗಳನ್ನು ಹುಡುಕಿಕೊಂಡು ಹೊರಡುತ್ತಾನೆ.

ಕಳೆದ ತಿಂಗಳು ನಾನೂ ಜೊತೆಗಿದ್ದೆ. ಒಂದು ಜೀಪ್ನಿ ಹತ್ತಿದೆವು, ಜೀಪಿನಂಥ ಮೂತಿಯ ಇಲ್ಲಿನ ಸಣ್ಣ ಬಸ್ಸು. ಜೀಪ್ನಿಯಲ್ಲಿ ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕೂತವರು ಕೊಟ್ಟ ಹಣ ಕೈಯಿಂದ ಕೈಗೆ ದಾಟಿ ಡ್ರೈವರನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ಕೈಗಳಲ್ಲಿ ವಾಪಸು ಬರುತ್ತದೆ. ಈ ಜೀಪ್ನಿಯ ಹಣೆಯ ಮೇಲೆ ‘ಕತಾಸ್ ನಂಗ್ ಸೌದಿ’ ಎಂದು ಬರೆದಿತ್ತು. ಸೌದಿಯಲ್ಲಿ ಹಿಂಡಿ ತೆಗೆದ ರಸ ಅಂತ ಅರ್ಥ. ಅಲ್ಲಿ ದುಡಿದ ಹಣದಲ್ಲಿ ಕೊಂಡ ಗಾಡಿಗಳ ಮೇಲೆ ಹಾಗೆ ಬರೆಸುವುದು ಇಲ್ಲಿನ ರೂಢಿ. ಡ್ರೈವರಿಗೆ ಅರವತ್ತರ ಆಸುಪಾಸು. ನನ್ನ ಅಪ್ಪನೂ ಸೌದಿಯಲ್ಲಿದ್ದರು ಎಂದೆ. “ಎಲ್ಲಿ?” “ಜುಬೈಲ್.” ಅವರು ಕನ್ನಡಿಯಲ್ಲಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ದಮ್ಮಾಮ್‌ನಲ್ಲಿ 11 ವರ್ಷ ಇದ್ದೆ ಅಂದರು.

ಕೊನೆಯ ಸ್ಟಾಪಿನಲ್ಲಿ ಇಳಿದ ಮೇಲೆ ಹುಡುಗ ಲಕೋಟೆಯಿಂದ ಅವರ ಫೋಟೊ ತೆಗೆದುಕೊಟ್ಟ. ಸ್ಟೀರಿಂಗ್ ಹಿಡಿದ ಮುಖ, ಕುತ್ತಿಗೆಗೆ ಸುತ್ತಿದ ಟವೆಲು, ಬೆರಳ ಸಂದಿಯಲ್ಲಿ ಮಡಿಸಿದ ನೋಟುಗಳು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಧೂಳೇ ಇಲ್ಲದ ಫೋಟೊದ ಮೇಲಿನ ಧೂಳು ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಇನ್ನೊಂದು ಪ್ರಿಂಟ್ ಸಿಗುತ್ತಾ? ಮಗಳು ದೋಹಾದಲ್ಲಿದ್ದಾಳೆ.”