ಸ್ಪಷ್ಟನೆ: ಪುಷ್ಯ ಚಿಕ್ಕ ನಕ್ಷತ್ರವಲ್ಲ, ಸಿಡಿಯುವುದೂ ಇಲ್ಲ

‘ಪುಷ್ಯ ನಕ್ಷತ್ರ ಸೂರ್ಯನಿಗಿಂತ ಚಿಕ್ಕದು, ಮಂಕಾಗಿದೆ, ಸದ್ಯದಲ್ಲೇ ಸಿಡಿಯುತ್ತದೆ’ ಎಂಬ ವಾಟ್ಸಾಪ್ ಮೆಸೇಜ್ ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂತು. ಇದು ತಪ್ಪು.

ಪುಷ್ಯದ ಮುಖ್ಯ ತಾರೆ ಕಟಕ ರಾಶಿಯ ಡೆಲ್ಟಾ ಕ್ಯಾಂಕ್ರಿ. ಇದೊಂದು ಕಿತ್ತಳೆ ದೈತ್ಯ. ಅಗಲ ಸೂರ್ಯನ ಹತ್ತು ಪಟ್ಟಿಗೂ ಜಾಸ್ತಿ, ಬೆಳಕು ಸುಮಾರು 50 ಪಟ್ಟು. ಮಂಕಾಗಿ ಕಾಣುವುದು ದೂರದಿಂದಾಗಿ, ಸುಮಾರು 130 ಜ್ಯೋತಿರ್ವರ್ಷ. ಸಾಲದ್ದಕ್ಕೆ ನಮ್ಮೂರಿನ ಬೀದಿದೀಪಗಳು ಬೇರೆ.

ಇನ್ನು ಬಣ್ಣ. ಇಸ್ತ್ರಿ ಪೆಟ್ಟಿಗೆಯ ಕೆಂಡ ನೋಡಿದ್ದೀರಲ್ವಾ? ಗಾಳಿ ಬೀಸಿದರೆ ಕಡುಗೆಂಪು ಹೋಗಿ ಕಿತ್ತಳೆಗೆ ತಿರುಗುತ್ತದೆ. ಬಿಸಿ ಬದಲಾದರೆ ಬಣ್ಣವೂ ಬದಲು. ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಇದರದ್ದು 4,300ರ ಆಸುಪಾಸು. ಇದರ ನಡುಭಾಗದಲ್ಲಿ ಉರುವಲಾಗಿದ್ದ ಹೈಡ್ರೋಜನ್ ಮುಗಿದು ಮೈ ಉಬ್ಬಿದೆ, ಅದಕ್ಕೇ ಹೊರಗೆ ಬಿಸಿ ಕಡಿಮೆ. ಆದರೆ ಮೈ ಅಷ್ಟು ದೊಡ್ಡದು, ಒಟ್ಟು ಬೆಳಕು ಜಾಸ್ತಿಯೇ.

ಇನ್ನು ಮೆಸೇಜ್ ಹೇಳುವ ಹಾಗೆ ಸಿಡಿಯಲು ಸೂರ್ಯನ ಎಂಟು ಪಟ್ಟಾದರೂ ತೂಕ ಬೇಕು. ಇದಕ್ಕೆ ಅಷ್ಟಿಲ್ಲ. ಸುಮ್ನೆ ಹೆದರಬೇಡಿ.

ಫೆಬ್ರವರಿ ರಾತ್ರಿ ಬೈನಾಕ್ಯುಲರ್ ಹಿಡಿದು ಟೆರೇಸಿಗೆ ಹೋಗಿ. ಜೇನುಗೂಡು ಎಂದು ಕರೆಯುವ ನಕ್ಷತ್ರಗುಂಪಿನ ಪಕ್ಕದಲ್ಲೇ, ಸ್ವಲ್ಪ ದಕ್ಷಿಣಕ್ಕೆ, ಆ ಕಿತ್ತಳೆ ಚುಕ್ಕಿ ಸಿಗುತ್ತದೆ.